ಫಾತೆಹಾಕ್ಕೆ ಸೇರದ ಹೆಸರು

ಮೆಹಬೂಬ್ ಸಾಬರು ಹಾಸಿಗೆ ಮಾರುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ, ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ, ನಮ್ಮವರ ಗ್ರೋಸರಿ ಅಂಗಡಿಯ ಪಕ್ಕಕ್ಕೆ, ಉದ್ದನೆಯ ಕತ್ತಲು ಕತ್ತಲಾದ ಒಂದು ಮಳಿಗೆ. ಸ್ಪ್ರಿಂಗಿನವು, ಫೋಮಿನವು ಎಲ್ಲ ಗೋಡೆಗೆ ಒರಗಿ ನಿಂತಿರುತ್ತಿದ್ದವು. ತೊಂಬತ್ತೆಂಟು, ತೊಂಬತ್ತೊಂಬತ್ತರಲ್ಲಿ ಅಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಇಂಡಿಯಾದಿಂದ ವಿಮಾನ ಇಳಿದ ಹುಡುಗರು ಒಂದೊಂದು ಅಪಾರ್ಟ್‌ಮೆಂಟಿಗೆ ನಾಲ್ಕೈದು ಜನ ತುಂಬಿಕೊಳ್ಳುತ್ತಿದ್ದರು. ಮಂಚ ಬೇಡ, ಕುರ್ಚಿ ಬೇಡ, ನೆಲಕ್ಕೆ ಹಾಕಲು ಹಾಸಿಗೆ ಬೇಕು, ಅದೂ ಇವತ್ತೇ ಬೇಕು. ವ್ಯಾನಿಗೆ ಹೇರಿಕೊಂಡು ಹೋಗಿ ಮಹಡಿ ಹತ್ತಿಸಿ ಹಾಕಿ ಬರುವವನು ನಾನು.

ನಾನು ಸಿದ್ದರಾಜು, ನಂಜನಗೂಡಿನ ಕಡೆಯವನು. ಓದಿದ್ದು ನಾಲ್ಕನೇ ಕ್ಲಾಸು. ಹೋಟೆಲಿನ ಅಡುಗೆಗೆಂದು ನನ್ನನ್ನು ಈ ದೇಶಕ್ಕೆ ಕರೆತಂದವನ ಮೇಲೆ ಸೌಟು ಎಸೆದು ಹೊರಬಂದೆ. ಆಮೇಲೆ ಯಾರೂ ಕೆಲಸ ಕೊಡಲಿಲ್ಲ, ಸಾಬರು ಕೊಟ್ಟರು. "ಗಾದಿ ಹೊರಾಕ ಸಿಟ್ಟು ಬೇಕು ಸಿದ್ದಣ್ಣ. ಮೆತ್ತಗಿನ ಮನುಷ್ಯಾ ಮೆಟ್ಟಲಾ ಏರಂಗಿಲ್ಲ" ಅಂದರು. ಅವರು ಗದಗದ ಕಡೆಯವರು. ನಾವು ಹಾಸಿಗೆ ಅನ್ನುವುದಕ್ಕೆ ಅವರು ಗಾದಿ ಅನ್ನುತ್ತಾರೆ. ಹೆಂಡತಿ ನಸೀಮಾ ಅವರ ಅಣ್ಣ ಇಲ್ಲಿ ಇಂಜಿನಿಯರು. ಅವರು ಕಾಗದ ಪತ್ರ ಮಾಡಿಸಿ ಕರೆಸಿಕೊಂಡಿದ್ದರು.

ಸಾಬರದು ಪಿಂಜಾರ ಮನೆತನ. ಭುಜದ ಮೇಲೆ ಬಿಲ್ಲು ಹೊತ್ತು ಊರೂರು ಸುತ್ತಿ, ಮನೆ ಮನೆ ಕಟ್ಟೆಯ ಮೇಲೆ ಕೂತು, ಹಳೇ ಗಾದಿಯ ಹತ್ತಿ ಬಿಚ್ಚಿ ಟೊಂಯ್ ಟೊಂಯ್ ಎಂದು ಹಿಂಜಿ ಮತ್ತೆ ತುಂಬಿ ಹೊಲಿದು ಕೊಡುವವರು. ಆ ಬಿಲ್ಲನ್ನು ಸಾಬರು ವಿಮಾನದಲ್ಲಿ ತಂದಿದ್ದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದರು. ಫೋಮ್ ಮಾರುವ ಅಂಗಡಿಯಲ್ಲಿ ಅದು ಯಾಕೆ ಅಂತ ನಾನು ಕಿಚಾಯಿಸಿದರೆ, "ಫೋಮ್ ಅನ್ನೋದು ಗಾದಿ ಅಲ್ಲೋ, ಉಬ್ಬಿದ ಪ್ಲಾಸ್ಟಿಕ್ಕು. ಹತ್ತಿ ಇದ್ದಲ್ಲಿ ಪಿಂಜಾರ, ಪಿಂಜಾರ ಇದ್ದಲ್ಲಿ ಹತ್ತಿ" ಅನ್ನುತ್ತಿದ್ದರು. ಈ ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುವರು. ಇದೇ ಮಾತು ಅವರನ್ನು ಎರಡು ವರ್ಷ ದಾರಿ ತಪ್ಪಿಸಿತು. ಅದನ್ನೇ ಹೇಳಹೊರಟಿದ್ದೇನೆ.

ಯೂನಿಯನ್ ಸಿಟಿಯ ಅವರ ಮನೆಯಲ್ಲಿ ತಾಯಿ ಇದ್ದರು, ಹುಸೇನಬಿ ಅಜ್ಜಿ. ಎಂಬತ್ತು ದಾಟಿ ಐದಾರು ವರ್ಷ. ಹಲ್ಲಿಲ್ಲ, ಕಿವಿ ಮಾತ್ರ ಚುರುಕು. ಮಗ ಕೈಯಾರೆ ತುಂಬಿ ಹೊಲಿದ ಹತ್ತಿಯ ಗಾದಿಯ ಮೇಲೇ ಮಲಗುವರು, ಸ್ಪ್ರಿಂಗಿನದರ ಮೇಲೆ ಮಲಗಿಸಿದರೆ "ದೋಣ್ಯಾಗ ಹಾಕೀರೇನು" ಎಂದು ಬೈಯುವರು. ಅವರ ಮನೆಯಲ್ಲಿ ಷಬೇ ಬರಾತ್ ದೊಡ್ಡದು. ಅವತ್ತು ಮುಸ್ಸಂಜೆಗೆ ನೆಲ ಒರೆಸಿ, ಚಾಪೆ ಹಾಸಿ, ಲೋಬಾನದ ಹೊಗೆ ಹಾಕಿ, ತೀರಿಕೊಂಡವರಿಗೆ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಇಟ್ಟು, ಹೆಸರು ಹೇಳಿ ಫಾತೆಹಾ ಓದಿಸುತ್ತಾರೆ. ತಟ್ಟೆಯಲ್ಲಿ ಅವರವರಿಗೆ ಇಷ್ಟವಾದದ್ದು. ಅಜ್ಜಿಯ ತಾಯಿಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಅಜ್ಜಿಯ ಗಂಡನಿಗೆ ಖೀಮಾ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಆ ಬೀಡಿಯನ್ನು ಎಲ್ ಕಮೀನೋದಲ್ಲಿ ಹುಡುಕಿ ತರುವ ಕೆಲಸ ನನ್ನದು. ನಾನು ಹಿಂದೂ, ಆದರೂ ಆ ಚಾಪೆಯ ತುದಿಯಲ್ಲಿ ನನಗೊಂದು ಜಾಗ ಇತ್ತು.

ಒಂದು ಹೆಸರು ಮಾತ್ರ ಆ ಮನೆಯಲ್ಲಿ ಯಾವತ್ತೂ ಬರುತ್ತಿರಲಿಲ್ಲ. ಅದು ಅಜ್ಜಿಯ ಅಪ್ಪನದು, ನಬಿಸಾಬ ಎಂದು.

ಅಜ್ಜಿ ಹೊಟ್ಟೆಯಲ್ಲಿದ್ದಾಗ ಆತ ಊರು ಬಿಟ್ಟು ಮುಂಬಯಿಗೆ ಹೋಗಿ ಹಡಗು ಸೇರಿದನಂತೆ. ಅದೇ ಹಡಗಿನಿಂದ ವಾಪಸಾದ ಒಬ್ಬ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಬಿಸಾಬ ಇಳಿದ, ಮತ್ತೆ ಹತ್ತಲಿಲ್ಲ ಎಂದು ಸುದ್ದಿ ತಂದನಂತೆ. ಅಷ್ಟೇ. ಆ ಮೇಲೆ ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಅಜ್ಜಿಯ ತಾಯಿ ಕೊರಳ ಕರಿಮಣಿ ತೆಗೆಯಲಿಲ್ಲ. ಮುದುಕಿಯಾಗಿ ಸತ್ತಾಗ ಮೈ ತೊಳೆಯಲು ಬಂದ ಹೆಂಗಸರು ತೆಗೆಯಬೇಕೋ ಬೇಡವೋ ಎಂದು ಜಗಳವಾಡಿ, ಕೊನೆಗೆ ಕರಿಮಣಿಯ ಸಮೇತ ಮಣ್ಣು ಮಾಡಿದರಂತೆ. ಸಾಯುವ ಮುಂಚೆ ಆಕೆ ಮಗಳಿಂದ ಮಾತು ತೆಗೆದುಕೊಂಡಿದ್ದಳು. ಸುದ್ದಿ ಬರುವವರೆಗೆ ಅವನ ಹೆಸರಲ್ಲಿ ಫಾತೆಹಾ ಓದಿಸಕೂಡದು. ಬದುಕಿದ್ದವನಿಗೆ ಓದಿಸಿದರೆ ಆಯಸ್ಸು ಹೋಗುತ್ತದೆ.

ಮಗಳು ಆ ಮಾತು ಮೀರಲಿಲ್ಲ. ಆದರೆ ಎರಡು ಸಾವಿರದ ಇಸವಿಯ ಷಬೇ ಬರಾತ್ ದಿನ ತಟ್ಟೆಗಳನ್ನು ನೋಡುತ್ತಾ ಮಗನಿಗೆ ಹೇಳಿದರು. "ಮಾಬೂ, ನಾ ಸತ್ತ ಮ್ಯಾಲೆ ನನಗ ತಾಟ ಇಡ್ತಿ. ನಮ್ಮಪ್ಪಗ ಇಡವ್ರು ಯಾರೂ ಉಳ್ಯಂಗಿಲ್ಲ. ಖರೇ ಸತ್ತಾನೋ ಇಲ್ಲೋ, ಅಷ್ಟು ತಿಳ್ಕೊಂಡು ಬಾರಪಾ. ಒಂದ ಸಲಾ ಹೆಸರು ಹೇಳಿ ಓದಿಸಿ ಹೋಗ್ತೀನಿ."

ಸಾಬರು ತಾಯಿಗೆ ಗೊತ್ತಿಲ್ಲದ ಹಾಗೆ ಅಷ್ಟು ಹೊತ್ತಿಗಾಗಲೇ ಒಂದು ವರ್ಷದಿಂದ ಹುಡುಕುತ್ತಿದ್ದರು. ಸ್ಯಾನ್ ಬ್ರೂನೋದಲ್ಲಿ ಸರ್ಕಾರದ ಹಳೇ ದಾಖಲೆಗಳ ಮನೆಯಿದೆ. ಅಲ್ಲಿ ಹಡಗಿನ ಪಟ್ಟಿ, ಜನಗಣತಿ ಎಲ್ಲ ಫಿಲ್ಮಿನ ಸುರುಳಿಯಲ್ಲಿರುತ್ತವೆ. ಯಂತ್ರಕ್ಕೆ ಹಾಕಿ ತಿರುಗಿಸುತ್ತಾ ಒಂದೊಂದೇ ಸಾಲು ನೋಡಬೇಕು. ಅಂಗಡಿಗೆ ರಜೆ ಇದ್ದ ದಿನ ನಾನು ವ್ಯಾನು ಓಡಿಸಿಕೊಂಡು ಹೋಗಿ ಅವರ ಪಕ್ಕ ಕೂರುತ್ತಿದ್ದೆ. ನನಗೆ ಅರ್ಧ ಗಂಟೆಗೇ ತಲೆ ಕೆಡುತ್ತಿತ್ತು. ಒಂದು ಸಲ ಸುರುಳಿ ಸಿಕ್ಕಿಕೊಂಡಿತೆಂದು ಯಂತ್ರಕ್ಕೆ ಗುದ್ದಿದೆ. ಕಾವಲಿನವನು ಬಂದ. ಸಾಬರೇ ಅವನ ಕೈಕಾಲು ಹಿಡಿದರು.

ಅಲ್ಲಿಗೆ ಬರುವವರೆಲ್ಲ ಬಿಳಿ ತಲೆಯ ಬಿಳಿ ಜನ. ಅವರ ಮುತ್ತಜ್ಜ ಎತ್ತಿನ ಗಾಡಿಯಲ್ಲಿ ಬೆಟ್ಟ ದಾಟಿ ಬಂದದ್ದು, ಎಲ್ಲಿಂದ ಎಲ್ಲಿಗೆ ಹೋದದ್ದು, ಎಲ್ಲಿ ಜಮೀನು ಹಿಡಿದದ್ದು, ಇದನ್ನೆಲ್ಲ ಕೆದಕಿ ತೆಗೆದು ಹೆಮ್ಮೆ ಪಡುವವರು. ಒಬ್ಬ ಮುದುಕಿ ಸಾಬರನ್ನು ನಿಮ್ಮವರು ಯಾವ ಗಾಡಿಯಲ್ಲಿ ಬಂದರು ಎಂದು ಕೇಳಿದಳು. ಹಡಗಿನ ನೆಲ ತೊಳೆಯುತ್ತಾ ಬಂದರು ಎಂದು ಸಾಬರು ಹೇಳಿದರು. ಆಕೆ ನಗಲಿಲ್ಲ, ಯಾವ ಸುರುಳಿ ನೋಡಬೇಕೆಂದು ತೋರಿಸಿಕೊಟ್ಟಳು. ಅದರಲ್ಲೇ ಸಿಕ್ಕಿತು. ಸಾವಿರದ ಒಂಬೈನೂರ ಹದಿನೈದು, ಮುಂಬಯಿಯ ಆಳುಗಳಿದ್ದ ಹಡಗು, ನಬಿ ಎಂಬ ಇಪ್ಪತ್ತೈದರ ಗಂಡಸು. ಹೆಸರಿನ ಮುಂದೆ, ಹಡಗು ಬಿಟ್ಟು ಓಡಿಹೋದ ಎಂದು ಬರೆದಿತ್ತು. ಸಾಬರು ಆ ಸಾಲಿನ ಮೇಲೆ ಬೆರಳಿಟ್ಟರು. ಯಂತ್ರದ ಬೆಳಕಿನಲ್ಲಿ ಹೆಸರು ಅವರ ಉಗುರಿನ ಮೇಲೆ ಮೂಡಿತ್ತು.

ಆ ಮೇಲೆ ಹುಡುಕುವುದು ಎಲ್ಲಿ? ಸಾಬರಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಪಿಂಜಾರ ಹತ್ತಿ ಇದ್ದಲ್ಲಿಗೆ ಹೋಗಿರಬೇಕು. ಆ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಹತ್ತಿ ಬೆಳೆಯುತ್ತಿದ್ದದ್ದು ದಕ್ಷಿಣದಲ್ಲಿ, ಮೆಕ್ಸಿಕೋ ಗಡಿಯ ಇಂಪೀರಿಯಲ್ ಕಣಿವೆಯಲ್ಲಿ. ಇಪ್ಪತ್ತರ ಜನಗಣತಿಯಲ್ಲಿ ಆ ಕಣಿವೆಯ ಸುರುಳಿಗಳನ್ನೇ ತಿರುಗಿಸಿದರು. ಅಲ್ಲೂ ಒಬ್ಬ ನಬಿ ಸಿಕ್ಕಿದ. ಹುಟ್ಟಿದ್ದು ಇಂಡಿಯಾ, ವಯಸ್ಸು ಸುಮಾರು ಹೊಂದುತ್ತದೆ, ಕೆಲಸ ಹತ್ತಿ ಹೊಲದಲ್ಲಿ ಕೂಲಿ. ಅವತ್ತು ಸಾಬರು ನನಗೆ ಹೊಟ್ಟೆ ಬಿರಿಯುವಷ್ಟು ಊಟ ಹಾಕಿಸಿದರು.

ಒಂದು ದಿನ ಬೆಳಗಿನಿಂದ ಕತ್ತಲವರೆಗೂ ಫ್ರೀವೇಯಲ್ಲಿ ವ್ಯಾನು ಓಡಿಸಿ ಅಲ್ಲಿಗೂ ಹೋದೆವು. ಮರುದಿನ ಬೆಂಕಿಯಂಥ ಬಿಸಿಲು. ಸಾಬರು ಹೊಲದ ಅಂಚಿಗೆ ನಿಂತು ಬಿರಿದ ಕಾಯೊಂದನ್ನು ಕಿತ್ತು, ಎಳೆಯನ್ನು ಬೆರಳ ನಡುವೆ ಹಿಡಿದು ಎಳೆದು ನೋಡಿ, "ಉದ್ದನ್ನ ಎಳೀ. ಅಜ್ಜ ಇದನ್ನ ಬಿಟ್ಟು ಬಂದಿರಂಗಿಲ್ಲ" ಅಂದರು. ಒಂದು ಮುಷ್ಟಿ ಹತ್ತಿ ಜೇಬಿಗಿಟ್ಟುಕೊಂಡರು. ಆ ನಬಿ ಅಲ್ಲಿಂದ ಯಾವ ಊರಿಗೆ ಹೋದ, ಯಾರ ಜಮೀನು ಗುತ್ತಿಗೆಗೆ ಹಿಡಿದ ಎಂದು ಕಚೇರಿಯಿಂದ ಕಚೇರಿಗೆ ಬೆನ್ನು ಹತ್ತಿದರು. ಇಪ್ಪತ್ತೇಳನೇ ಇಸವಿಯವರೆಗೂ ಹೆಜ್ಜೆ ಸಿಕ್ಕಿತು. ಮುಂದಿನದು ಮೂವತ್ತರ ಜನಗಣತಿ. ಅದು ಬೀಗದಲ್ಲಿತ್ತು. ಜನಗಣತಿಯ ಕಾಗದವನ್ನು ಎಪ್ಪತ್ತೆರಡು ವರ್ಷ ಯಾರಿಗೂ ತೋರಿಸಬಾರದು ಎಂದು ಇಲ್ಲಿ ಕಾನೂನು. ಎರಡು ಸಾವಿರದ ಎರಡರ ಏಪ್ರಿಲ್ಲಿಗೆ ತೆಗೆಯುತ್ತಾರಂತೆ. ಆಗಿನ್ನೂ ಎರಡು ಸಾವಿರದ ಒಂದರ ಬೇಸಿಗೆ. ಅಜ್ಜಿಯ ಕಾಲು ಬಾತು ಹೃದಯ ಸೋತಿತ್ತು. ಡಾಕ್ಟರು ಈ ವರ್ಷ ದಾಟುವುದು ಕಷ್ಟ ಎಂದಿದ್ದರು.

ಹೊರಗೂ ಕಾಲ ಕೆಟ್ಟಿತ್ತು. ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕುತ್ತಿದ್ದವು. ನಾನು ಹೊತ್ತು ಹಾಕಿದ್ದ ಹಾಸಿಗೆಗಳೇ ಅಪಾರ್ಟ್‌ಮೆಂಟುಗಳ ಕಸದ ತೊಟ್ಟಿಯ ಪಕ್ಕ ಬಿದ್ದಿರುತ್ತಿದ್ದವು. ಹುಡುಗರು ಇಂಡಿಯಾಕ್ಕೆ ವಾಪಸ್ಸು. ಸಾಬರು ವ್ಯಾನು ನಿಲ್ಲಿಸಲು ಹೇಳಿ ಇಳಿದು, ಮಳೆಗೆ ನೆನೆಯದಂತೆ ಅವನ್ನು ಗೋಡೆಗೆ ಒರಗಿಸಿ ಬರುತ್ತಿದ್ದರು. ಯಾಕೆ ಸಾಬ್ರೇ ಈ ಹುಚ್ಚು ಎಂದರೆ ಕೈಯ ಧೂಳು ಕೊಡವಿ ವ್ಯಾನು ಹತ್ತುತ್ತಿದ್ದರು.

ನಾನು ಅವರಿಗೆ ನೇರವಾಗಿ ಹೇಳಿದೆ. ಸತ್ತಿದ್ದಾರೆ ಅಂತ ಒಂದು ತಾರೀಖು ಹೇಳಿಬಿಡಿ, ಯಾರು ಬಂದು ಕೇಳುತ್ತಾರೆ? ಮುದುಕಿ ನೆಮ್ಮದಿಯಾಗಿ ಓದಿಸಿಕೊಂಡು ಹೋಗಲಿ. ಸಾಬರು ತಲೆ ಅಲ್ಲಾಡಿಸಿದರು. ಫಾತೆಹಾದ ಮುಂದೆ ಸುಳ್ಳು ಇಡಬಾರದು, ಬೇಕಾದರೆ ಖಾಲಿ ತಟ್ಟೆ ಇಡಬಹುದು ಅಂದರು. ಹಾಗಾದರೆ ಅಜ್ಜಿಯನ್ನಾದರೂ ಒಂದು ಮಾತು ಕೇಳಿ ನೋಡಿ ಎಂದೆ. ಹುಟ್ಟುವ ಮುಂಚೆ ಬಿಟ್ಟುಹೋದ ಅಪ್ಪನ ವಿಷಯ ಅವ್ವನಿಗೇನು ಗೊತ್ತು, ಆ ಹೆಸರೆತ್ತಿದರೆ ಉಸಿರು ಏರುತ್ತದೆ, ಬೇಡ ಅಂದರು.

ನನಗೆ ತಡೆಯಲಾಗಲಿಲ್ಲ. ಅವರ ಮನೆಗೆ ಕೋಳಿ ತಂದುಕೊಡಲು ಹೋದ ದಿನ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಸಾಬರು ಪಕ್ಕದಲ್ಲಿದ್ದರು. ಬಾಯಿ ಬಿಟ್ಟೇಬಿಟ್ಟೆ.

"ಅಜ್ಜಿ, ನಿಮ್ಮಪ್ಪ ಇವತ್ತು ಇದ್ರೆ ನೂರಾ ಹತ್ತು ದಾಟಿರ್ತದೆ. ಯಾರು ಬದುಕಿರ್ತಾರೆ ಅಷ್ಟು ವರ್ಷ? ಸತ್ತವ್ರೆ ಅಂದ್ಕೊಂಡು ಓದ್ಸಿಬಿಡಿ. ನಿಮ್ ಮಗ ಎರಡು ವರ್ಷದಿಂದ ಹತ್ತಿ ಹೊಲ, ಹತ್ತಿ ಹೊಲ ಅಂತ ತಿರುಗಿ ಸಾಯ್ತಾವ್ರೆ."

ನಸೀಮಕ್ಕ ಒಲೆಯ ಕಡೆಯಿಂದ ತಿರುಗಿ ನೋಡಿದರು. ಅಜ್ಜಿಗೆ ಸಿಟ್ಟು ಬರಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆ ಊದಿ, "ಯಾವ ಹತ್ತಿ ಹೊಲ?" ಎಂದು ಕೇಳಿದರು.

ಸಾಬರು ನಿಧಾನವಾಗಿ ಎಲ್ಲ ಹೇಳಿದರು. ಇಂಪೀರಿಯಲ್ ಕಣಿವೆ, ಅಲ್ಲಿನ ನಬಿ, ಗುತ್ತಿಗೆ ಜಮೀನು. ಜೇಬಿನಲ್ಲಿ ಕಾಪಾಡಿಕೊಂಡಿದ್ದ ಹತ್ತಿಯನ್ನು ತೆಗೆದು ತಾಯಿಯ ಮಡಿಲಿಗೆ ಹಾಕಿದರು. ಅಜ್ಜಿ ಅದನ್ನು ಮುಟ್ಟಲಿಲ್ಲ.

"ಹುಚ್ಚಪ್ಪಾ, ಅಂವಗ ಹತ್ತೀ ಧೂಳಿಗೇ ಉಸಿರು ಕಟ್ಟತಿತ್ತು. ಬಿಲ್ಲು ಹಿಡದ್ರ ರಾತ್ರಿಯೆಲ್ಲಾ ಕುಂತ ಕೆಮ್ಮತಿದ್ದ ಅಂತ ನಮ್ಮವ್ವ ಹೇಳ್ಯಾಳ. ಅದಕ್ಕs ಊರು ಬಿಟ್ಟಾಂವ. ಸಮುದ್ರದ ಗಾಳಿಗೆ ಎದಿ ಹಗರ ಆಗೇತಿ, ಸಮುದ್ರ ಬಿಟ್ಟು ಬರಂಗಿಲ್ಲ ಅಂತ ಆ ಹಡಗದಾಂವನ ಕೈಯಾಗ ಹೇಳಿ ಕಳಿಸಿದ್ದ. ಅಂಥಾಂವ ಅಷ್ಟು ದೂರ ಹೋಗಿ ಮತ್ತ ಹತ್ತೀ ಬುಡಕ್ಕ ಕುಂಡ್ರತಾನೇನು?"

ಸಾಬರ ಮುಖ ನೋಡಲಾಗಲಿಲ್ಲ. "ಇಷ್ಟು ದಿನಾ ಯಾಕ ಹೇಳಲಿಲ್ಲವ್ವಾ?" ಅಂದರು.

"ನೀ ಯಾವಾಗ ಕೇಳಿದಿ?"

ಮುಂದೆ ಕೆಲಸ ಬೇಗ ಆಯಿತು. ಸಮುದ್ರ ಬಿಟ್ಟಿಲ್ಲ ಎಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲೇ ಇರಬೇಕು. ಜನಗಣತಿ ಬಿಟ್ಟು, ಸತ್ತವರ ಪಟ್ಟಿಯನ್ನು ತೆಗೆದೆವು. ಓಕ್‌ಲ್ಯಾಂಡಿನಲ್ಲಿ ಸಿಕ್ಕಿತು. ಕೌಂಟಿ ಕಚೇರಿಗೆ ಬರೆದುಕೊಂಡು, ಮರಣಪತ್ರದ ನಕಲು ಅಂಚೆಯಲ್ಲಿ ಬರುವ ಹೊತ್ತಿಗೆ ವಿಮಾನ ನುಗ್ಗಿಸಿ ಗೋಪುರಗಳನ್ನು ಉರುಳಿಸಿದ ಸೆಪ್ಟೆಂಬರಿನ ಆ ಕೆಟ್ಟ ದಿನವೂ ಕಳೆದಿತ್ತು. ಸಾವಿರದ ಒಂಬೈನೂರ ಹದಿನೆಂಟು, ನವೆಂಬರ್. ಹುಟ್ಟಿದ ಸ್ಥಳ ಧಾರವಾಡ, ಇಂಡಿಯಾ. ಗದಗ ಆಗ ಧಾರವಾಡಕ್ಕೇ ಸೇರಿತ್ತು. ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ವರ್ಷ. ಕೆಲಸ ಬಂದರಿನಲ್ಲಿ ಕೂಲಿ. ಮದುವೆ ಆಗಿದೆ. ತಂದೆ ತಾಯಿಯ ಹೆಸರು ಗೊತ್ತಿಲ್ಲ. ಜಗತ್ತಿನಲ್ಲೆಲ್ಲ ಜನ ಹುಳುಗಳಂತೆ ಸತ್ತ ವರ್ಷದ ಜ್ವರ, ಅದೇ ಜ್ವರ. ಹೂಳಿದ್ದು ಗತಿಯಿಲ್ಲದವರನ್ನು ಹೂಳುವ ಕೌಂಟಿಯ ಜಾಗದಲ್ಲಿ. ಹೋಗಿ ನೋಡಿದೆವು. ಕಲ್ಲಿಲ್ಲ, ಗುರುತಿಲ್ಲ, ಹುಲ್ಲು.

ಎರಡು ವರ್ಷ ನಾವು ಬೆನ್ನು ಹತ್ತಿದ್ದು ಯಾವನೋ ಬೇರೆಯ ನಬಿಯನ್ನು. ಅವನು ಹತ್ತಿ ಹೊಲದಲ್ಲಿ ಬೆವರು ಸುರಿಸುವ ಹೊತ್ತಿಗೆ ನಮ್ಮ ನಬಿಸಾಬ ಮಣ್ಣಾಗಿ ಹೋಗಿದ್ದ.

ಕಾಗದವನ್ನು ಸಾಬರು ತಾಯಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಮದುವೆ ಆಗಿದೆ ಎಂಬ ಕಡೆ ಅಜ್ಜಿ ಮಗನ ಕೈ ಹಿಡಿದು ನಿಲ್ಲಿಸಿ, ಇನ್ನೊಮ್ಮೆ ಹೇಳಿಸಿಕೊಂಡರು. ಆ ಮೇಲೆ ಅಂದರು. "ನಾ ಆವಾಗ ಮೂರ ವರ್ಷದ ಕೂಸು. ನಮ್ಮವ್ವ ಇನ್ನೂ ಹರೇದಾಕಿ. ಅಲ್ಲಿಂದ ಸಾಯೂತನಕಾ ಸತ್ತಾಂವನ ಕರಿಮಣಿ ಹೊತ್ತಾಳ." ಅವತ್ತು ಊಟ ಮಾಡಲಿಲ್ಲ.

ಆ ವರ್ಷ ಷಬೇ ಬರಾತ್ ಬಿದ್ದದ್ದು ಅಕ್ಟೋಬರ್ ಕೊನೆಯ ಸಂಜೆ. ಇಲ್ಲಿಯ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಮಿಠಾಯಿ ಬೇಡಲು ಬರುವ ದಿನವೂ ಅದೇ. ನಸೀಮಕ್ಕ ಪ್ರತಿ ವರ್ಷದಂತೆ ದೊಡ್ಡ ಬೋಗುಣಿಯ ತುಂಬ ಮಿಠಾಯಿ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದರು. ಬೀದಿಯಲ್ಲಿ ಮಕ್ಕಳ ಗದ್ದಲ ಕೇಳುತ್ತಿತ್ತು. ಪಕ್ಕದ ಮನೆಯ ಗಂಟೆ ಬಾರಿಸಿತು, ಎದುರು ಮನೆಯದು ಬಾರಿಸಿತು. ಇವರ ಮನೆಯದು ಬಾರಿಸಲಿಲ್ಲ. ನಾನು ಎದ್ದು ಹೋಗಿ ಆ ಮಕ್ಕಳ ಅಪ್ಪ ಅಮ್ಮಂದಿರನ್ನು ನಿಲ್ಲಿಸಿ, ಈ ಮನೆಯ ಮೇಲೆ ಏನು ಅನುಮಾನ ಎಂದು ಎರಡು ಮಾತು ಕೇಳಬೇಕೆಂದಿದ್ದೆ. ಸಾಬರು ನನ್ನ ಅಂಗಿ ಹಿಡಿದು ಕೂರಿಸಿದರು.

ಚಾಪೆಯ ಮೇಲೆ ತಟ್ಟೆಗಳು ಬಂದವು. ರೊಟ್ಟಿ ಪುಂಡಿಪಲ್ಯ, ಖೀಮಾ, ಬೀಡಿ. ಹೊಸ ತಟ್ಟೆಯೊಂದನ್ನು ನಸೀಮಕ್ಕ ತೊಳೆದು ಒರೆಸಿ ತಂದು ಅಜ್ಜಿಯ ಮುಂದೆ ಹಿಡಿದು, ಇದಕ್ಕೆ ಏನು ಬಡಿಸಲಿ ಎಂದು ಕೇಳಿದರು.

ಅಜ್ಜಿ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದರು. ನಾವೆಲ್ಲ ಅವರ ಮುಖ ನೋಡುತ್ತಿದ್ದೆವು. ಅಪ್ಪನಿಗೆ ಏನು ಇಷ್ಟ ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ತಾಯಿ ಹೇಳಿರಲಿಲ್ಲ, ಕೇಳಿದರೆ ಅಳುತ್ತಾಳೆಂದು ಮಗಳು ಕೇಳಿರಲಿಲ್ಲ. ಸರ್ಕಾರದ ಕಾಗದದಲ್ಲಿ ಊರು, ವಯಸ್ಸು, ಜ್ವರ ಎಲ್ಲ ಇತ್ತು, ಅದೊಂದು ಇರಲಿಲ್ಲ. ಜೀವಮಾನವೆಲ್ಲ ಕಾದು ಹೆಸರು ಹೇಳುವ ಹಕ್ಕು ಬಂದಿತ್ತು, ತಟ್ಟೆಗೆ ಹಾಕಲು ಏನೂ ಇರಲಿಲ್ಲ. ಚಪಾತಿ ಬೆಲ್ಲ ಕಲಸಿದ ಮಾಲ್ದಿ ಇಡೋಣ ಎಂದು ಸಾಬರು ಮೆಲ್ಲಗೆ ಹೇಳಿದರು. ಅಜ್ಜಿ ಬೇಡ ಎಂದು ಕೈಯಾಡಿಸಿದರು.

"ಜ್ವರದಾಗ ಸತ್ತಾನ. ನೀರು ಕೇಳಿರ್ತಾನ. ಯಾರು ಕೊಟ್ರೋ ಇಲ್ಲೋ. ಒಂದು ಗ್ಲಾಸು ನೀರು ಇಡು."

ನಸೀಮಕ್ಕ ತಟ್ಟೆಯ ನಡುವೆ ನೀರಿಟ್ಟರು. ಸಾಬರು ಓದಲು ತೊಡಗಿದರು. ಅಜ್ಜನ ಹೆಸರು ಬರುವ ಕಡೆ ನಿಲ್ಲಿಸಿ ತಾಯಿಯ ಕಡೆ ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, ನಬಿಸಾಬ ಅಂದರು. ಇನ್ನೊಮ್ಮೆ ಅಂದರು.

ಎಲ್ಲ ಮುಗಿದು ತಟ್ಟೆಗಳನ್ನು ಹಂಚಿಕೊಂಡು ಉಂಡೆವು. ನೀರಿನ ಗ್ಲಾಸನ್ನು ಮುಟ್ಟಲು ಯಾರಿಗೂ ಕೈ ಬರಲಿಲ್ಲ. ಅಜ್ಜಿ ಅದನ್ನೆತ್ತಿ ನನ್ನ ಕಡೆ ಚಾಚಿದರು. "ನೀ ಕುಡಿ ಸಿದ್ದಾ. ನೀ ಒದರಿದಿ ಅಂತ ಅಂವ ಸಿಕ್ಕಾ. ನಿನ್ನ ಮೈಯಾಗೂ ಬೆಂಕಿ ಭಾಳ ಐತಿ." ನಾನು ಕುಡಿದೆ. ಬಾಗಿಲಲ್ಲಿ ಬೋಗುಣಿ ತುಂಬಿದ್ದು ತುಂಬಿದಂತೆಯೇ ಇತ್ತು.

ಡಿಸೆಂಬರಿನಲ್ಲಿ ಅಂಗಡಿ ಮುಚ್ಚಿತು. ಬಿಲ್ಲನ್ನು ಸಾಬರು ಮನೆಗೆ ಒಯ್ದರು. ಜನವರಿಯಲ್ಲಿ ಅಜ್ಜಿ ಹೋದರು, ಆ ಹತ್ತಿಯ ಗಾದಿಯ ಮೇಲೇ.

ಏಪ್ರಿಲ್ಲಿನಲ್ಲಿ ಸಾಬರು ಫೋನು ಮಾಡಿ ಸ್ಯಾನ್ ಬ್ರೂನೋಕ್ಕೆ ಬಿಡುತ್ತೀಯಾ ಎಂದು ಕೇಳಿದರು. ಆಗ ಅವರು ಇನ್ನೊಬ್ಬರ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಸಿಕ್ಕಾಯಿತಲ್ಲ, ಇನ್ನೇನು ಉಳಿದಿದೆ ಎಂದು ರೇಗಿದೆ. ರೇಗುತ್ತಲೇ ಕಾರು ತೆಗೆದೆ. ಮೂವತ್ತರ ಜನಗಣತಿ ಬಿಚ್ಚಿದ್ದರು. ಸಾಬರು ಇಂಪೀರಿಯಲ್ ಕಣಿವೆಯ ಸುರುಳಿ ಹಾಕಿ ಕೂತರು. ಹೊತ್ತು ಇಳಿಯುವಾಗ ಆ ಇನ್ನೊಬ್ಬ ನಬಿ ಸಿಕ್ಕಿದ. ಕೂಲಿಗಳ ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದ. ಹತ್ತಿಯ ಕೂಲಿ.

"ಇವಂಗೂ ಮದುವಿ ಆಗೇತಿ ಅಂತ ಬರದಾರ ಸಿದ್ದಣ್ಣ. ಅಲ್ಲಿ ಯಾವಾಕಿ ಕಾಯ್ಕೋತ ಕುಂತಿದ್ಲೋ. ಎರಡು ವರ್ಷ ಬೆನ್ನ ಹತ್ತೀನಿ, ಇವನ ಊರು ಯಾವುದು ಅಂತ ನನಗ ಗೊತ್ತಿಲ್ಲ. ಯಾರಿಗೆ ಹೋಗಿ ಹೇಳ್ಲಿ?"

ಸಾಬರು ಇನ್ನಷ್ಟು ಹೊತ್ತು ಆ ಸಾಲನ್ನು ನೋಡಿ, ಸುರುಳಿಯನ್ನು ನಿಧಾನವಾಗಿ ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದರು.